ಗರಡಿಯ ಮಣ್ಣು

ವಿದ್ಯೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಪುಸ್ತಕ, ಹಲಗೆ, ಬಳಪಗಳು ಬಂದು ನಿಲ್ಲುತ್ತವೆ. ನಮ್ಮ ಹಿರಿಯರು ಆ ಮಾತಿಗೆ ಇಷ್ಟು ಸಂಕುಚಿತವಾದ ಅರ್ಥವನ್ನು ಕೊಟ್ಟಿರಲಿಲ್ಲ. ಬಿಲ್ಲು ಹಿಡಿಯುವುದೂ ವಿದ್ಯೆ, ಮಗ್ಗದ ಮುಂದೆ ಕೂರುವುದೂ ವಿದ್ಯೆ, ಮಲ್ಲಯುದ್ಧವೂ ವಿದ್ಯೆಯೇ ಎಂದು ಅವರು ಬಗೆದಿದ್ದರು. ಮಲ್ಲವಿದ್ಯೆಯನ್ನು ಕಲಿಸುವ ಶಾಲೆಯೇ ಗರಡಿಮನೆ. ಹಳೆಯ ಕಾವ್ಯಗಳಲ್ಲಿ ಇದನ್ನು ಗರುಡಿ ಎಂದು ಕರೆದಿದ್ದಾರೆ. ನಾನು ಬಾಲ್ಯದಲ್ಲಿ ಎರಡು ಶಾಲೆಗಳಲ್ಲಿ ಕಲಿತವನು. ಒಂದರಲ್ಲಿ ಗಂಟೆಯಿತ್ತು, ಹಾಜರಿ ಪುಸ್ತಕವಿತ್ತು. ಇನ್ನೊಂದರಲ್ಲಿ ಸೋರುವ ಮಾಡು, ಕೆಮ್ಮಣ್ಣಿನ ಅಂಕಣ, ಗೋಡೆಯ ಮೇಲೆ ಒಂದು ಆಂಜನೇಯನ ಪಟ ಇಷ್ಟೇ ಇದ್ದುವು. ಈ ಎರಡನೆಯ ಶಾಲೆಯ ವಿಚಾರವನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕೆಂದು ನನ್ನ ಆಸೆ.

ನಮ್ಮೂರು ದೊಡ್ಡಬಳ್ಳಾಪುರ. ನಂದಿಬೆಟ್ಟದ ಸೆರಗಿನಲ್ಲಿರುವ ಈ ಊರು ರೇಷ್ಮೆ ಸೀರೆಗೆ ಹೆಸರಾದುದು. ಬೆಳಗಿನಿಂದ ರಾತ್ರಿಯವರೆಗೆ ಇಲ್ಲಿನ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ನಿಲ್ಲುವುದಿಲ್ಲ. ಹೊಸಬರಿಗೆ ಅದು ಗದ್ದಲವೆನಿಸಬಹುದು; ನಮಗೆ ಅದು ಜೋಗುಳ. ನಮ್ಮ ತಂದೆಯವರು ನೇಕಾರರು. ಶಾಲೆಯಿಂದ ಬಂದ ಮೇಲೆ ಲಾಳಿಗೆ ಕಂಡಿಕೆ ಸುತ್ತಿಕೊಡುವುದು ನನ್ನ ಪಾಲಿನ ಕೆಲಸ. 1978ರಲ್ಲಿ ನಾನು ಎಂಟನೆಯ ತರಗತಿಗೆ ಸೇರಿದಾಗ ಎಷ್ಟು ಬಡಕಲಾಗಿದ್ದೆನೆಂದರೆ, ಗಾಳಿಪಟ ಹಾರಿಸುವ ದಿನ ನನ್ನನ್ನೂ ದಾರಕ್ಕೆ ಕಟ್ಟಬಹುದೆಂದು ಗೆಳೆಯರು ನಗುತ್ತಿದ್ದರು. ನಮ್ಮ ಬೀದಿಯ ಕೊನೆಯಲ್ಲಿದ್ದ ಗರಡಿಗೆ ನನ್ನನ್ನು ಕರೆದುಕೊಂಡು ಹೋದವರು ನಮ್ಮ ಸೋದರಮಾವ.

ಗರಡಿಮನೆಯ ಬಾಗಿಲು ಬಹಳ ಗಿಡ್ಡ. ಎಂತಹ ಪೈಲ್ವಾನನಾದರೂ ತಲೆ ಬಾಗಿಸದೆ ಒಳಗೆ ಹೋಗುವಂತಿಲ್ಲ. ಒಳಗಿನ ನೆಲ ಬೀದಿಗಿಂತ ತಗ್ಗು; ಬೆಳಕು ಕಡಿಮೆ; ಬೇಸಗೆಯಲ್ಲಿಯೂ ತಂಪು. ಒಂದು ಮೂಲೆಯಲ್ಲಿ ಮರದ ಗದೆಗಳು, ಎತ್ತುವ ಕಲ್ಲಿನ ಗುಂಡುಗಳು, ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಬಳೆ. ನಡುವೆ ಮಟ್ಟಿ, ಎಂದರೆ ಕುಸ್ತಿಯ ಕಣ. ಮಟ್ಟಿಯ ಮಣ್ಣು ಬರಿಯ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ತುಪ್ಪ, ಅರಿಶಿನ, ಕುಂಕುಮ, ಕರ್ಪೂರ, ನಿಂಬೆಯ ರಸ ಇವನ್ನು ಬೆರೆಸಿ ಹದ ಮಾಡುತ್ತಾರೆ. ದಿನವೂ ಅದನ್ನು ಗುದ್ದಲಿಯಿಂದ ಅಗೆದು ಸಡಿಲಗೊಳಿಸಬೇಕು. ಸಡಿಲವಾದ ಮಣ್ಣು ಬಿದ್ದವನ ಮೈಯನ್ನು ಕಾಯುತ್ತದೆ. ಗಟ್ಟಿಯಾದ ಮಣ್ಣು ಮೂಳೆ ಮುರಿಯುತ್ತದೆ. ಆದುದರಿಂದ ಹೊಸ ಶಿಷ್ಯನ ಕೈಗೆ ಮೊದಲು ಬರುವುದು ಗದೆಯಲ್ಲ, ಗುದ್ದಲಿ.

ನಮ್ಮ ಗುರುಗಳನ್ನು ಊರೆಲ್ಲ ಉಸ್ತಾದರು ಎಂದು ಕರೆಯುತ್ತಿತ್ತು. ಎತ್ತರದ ಆಳು, ಕಿವಿಗಳು ಕುಸ್ತಿಯ ಉಜ್ಜಾಟದಿಂದ ಮುದುಡಿಹೋಗಿದ್ದುವು. ಅವರು ಮಾತನಾಡುತ್ತಿದ್ದುದು ಕಡಿಮೆ. ಮೊದಲ ತಿಂಗಳು ಅವರು ನನಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಮಣ್ಣು ಅಗೆಯುವುದು, ದಂಡೆ, ಬಸ್ಕಿ, ಮತ್ತೆ ಬೀಳುವುದು. ಬೆನ್ನಿನ ಮೇಲೆ, ಪಕ್ಕಕ್ಕೆ, ಹೆಗಲಿನ ಮೇಲೆ ಉರುಳಿ, ಹೀಗೆ ಬಗೆಬಗೆಯಾಗಿ ಬೀಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರನ್ನು ಹೊರಗೆ ಬಿಟ್ಟು, ಕೈಯನ್ನು ಚಾಚದೆ ಬೀಳಬೇಕು. ಕೈಯನ್ನು ಊರಿದರೆ ಮಣಿಕಟ್ಟು ಹೋಗುತ್ತದೆ. "ಪಟ್ಟು ಯಾವಾಗ ಹೇಳಿಕೊಡುತ್ತೀರಿ, ಉಸ್ತಾದರೇ?" ಎಂದು ನಾನು ಕೇಳಿದಾಗ ಅವರು, "ಮೊದಲು ಬೀಳೋದು ಕಲಿ, ಮಗ. ಬೀಳೋಕೆ ಹೆದರೋನು ನಿಲ್ಲೋಕೂ ಹೆದರ್ತಾನೆ" ಎಂದರು.

ಅಪರಿಚಿತನೊಡನೆ ಕಾದುವಾಗಲೂ ಗರಡಿಯ ನಡವಳಿಕೆಗೆ ಒಂದು ಕ್ರಮವುಂಟು. ಮಟ್ಟಿಗೆ ಇಳಿಯುವಾಗ ಮಣ್ಣನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಎದುರಾಳಿಯ ಕೈ ಮುಟ್ಟಿ ಸಲಾಮು ಮಾಡಬೇಕು. ಬೆವರಿದ ಮೈ ಹಿಡಿತಕ್ಕೆ ಸಿಗದೆ ಜಾರುವುದರಿಂದ ಒಬ್ಬರ ಮೈಗೆ ಒಬ್ಬರು ಮಣ್ಣು ಸವರಿಕೊಳ್ಳುತ್ತಾರೆ. ಎದುರಾಳಿಯ ಎರಡು ಹೆಗಲುಗಳೂ ನೆಲಕ್ಕೆ ತಾಗಿದರೆ ಚಿತ್ ಆದಂತೆ; ಅಲ್ಲಿಗೆ ಆಟ ಮುಗಿಯಿತು. ಬಿದ್ದವನನ್ನು ಗೆದ್ದವನೇ ಕೈಹಿಡಿದು ಎತ್ತಬೇಕು. ನಮ್ಮ ಗರಡಿಯಲ್ಲಿ ನೇಕಾರರ ಮಕ್ಕಳಿದ್ದರು, ಒಕ್ಕಲು ಮಕ್ಕಳಿದ್ದರು, ಬಂಡಿಗೆ ಲಾಳ ಕಟ್ಟುವವರ ಮಗನೊಬ್ಬನಿದ್ದ, ಮುಸಲ್ಮಾನ ಹುಡುಗರಿದ್ದರು. ಮೈಗೆ ಮಣ್ಣು ಮೆತ್ತಿದ ಮೇಲೆ ಎಲ್ಲರ ಬಣ್ಣವೂ ಒಂದೇ ಆಗುತ್ತಿತ್ತು.

ಈ ವಿದ್ಯೆ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಬೆಂಗಳೂರಿನ ಹೆಸರು ಮೊದಲು ಕಾಣಿಸುವ ಬೇಗೂರಿನ ಶಾಸನ ಸುಮಾರು 890ರದು. ಅದರಲ್ಲಿ ಆ ಹೆಸರು ಬರುವುದೇ 'ಬೆಂಗಳೂರು ಕಾಳಗ' ಎಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕಾಗಿಯೇ ಒಂದು ಭಾಗವಿದೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನು ಏರುವ ಸ್ತಂಭಶ್ರಮ ಎಂದು ಮಲ್ಲರ ಸಾಧನೆಗಳನ್ನು ಅದು ವಿಂಗಡಿಸುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ದಿನಚರಿಯನ್ನು ಬಣ್ಣಿಸಿದ್ದಾನೆ. ರಾಯನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ತೀಡಿಸಿಕೊಂಡು, ಭಾರವೆತ್ತಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಅನಂತರ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳು ಇಂದಿಗೂ ಕಾದುತ್ತಿದ್ದಾರೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ವಜ್ರಮುಷ್ಟಿ ಕಾಳಗವನ್ನು ನಡೆಸುತ್ತಾರೆ. ತಲೆ ಬೋಳಿಸಿಕೊಂಡು, ಕೈಗೆ ಮೊನೆಗಳುಳ್ಳ ಮುಷ್ಟಿಯನ್ನು ಧರಿಸಿ ನಡೆಸುವ ಉಗ್ರವಾದ ಕಾಳಗ ಅದು. ಆದರೆ ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಜಿನುಗಿದೊಡನೆ ಅದು ನಿಂತುಬಿಡುತ್ತದೆ. ಹೊಡೆಯುವುದನ್ನು ಕಲಿಸಿದ ಪರಂಪರೆಯೇ ನಿಲ್ಲಿಸುವುದನ್ನೂ ಕಲಿಸಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ನಮ್ಮ ತಂದೆಯವರಿಗೆ ನಾನು ಗರಡಿಗೆ ಹೋಗುವುದು ಹಿಡಿಸಿರಲಿಲ್ಲ. ಅವರ ಅಸಮಾಧಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ಕುಸ್ತಿಯಾಡುವವನಿಗೆ ಹಾಲು, ತುಪ್ಪ, ಬಾದಾಮಿ ಬೇಕು ಎಂಬ ಮಾತು ಊರಲ್ಲಿತ್ತು. ನಮ್ಮ ಮನೆಯಲ್ಲಿ ಎರಡು ಹೊತ್ತು ರಾಗಿಮುದ್ದೆ ಹುರುಳಿಸಾರು ಆದರೆ ಅದೇ ಹಬ್ಬ. ಜೊತೆಗೆ ಕುಸ್ತಿಯ ಹುಡುಗರು ಪುಂಡರಾಗುತ್ತಾರೆ ಎಂಬ ಭಯ ಬೇರೆ. "ಮಗ್ಗದೋನಿಗೆ ಬೆರಳು ಬೇಕು, ತೋಳು ಯಾಕಯ್ಯ?" ಎಂದು ಅವರು ಮಾವನವರನ್ನು ಕೇಳುತ್ತಿದ್ದರು. ನಮ್ಮ ತಾಯಿ ಮಾತ್ರ ರಾತ್ರಿ ಒಂದು ಹಿಡಿ ಕಡಲೆಕಾಳನ್ನು ನೆನೆಹಾಕಿ, ಬೆಳಗಿನ ಜಾವ ಸದ್ದಿಲ್ಲದೆ ನನ್ನ ಕೈಗೆ ಕೊಡುತ್ತಿದ್ದರು.

1980ರ ಮಳೆಗಾಲಕ್ಕೆ ಮುಂಚೆ ನಮ್ಮ ಗರಡಿಗೆ ಒಂದು ಪರೀಕ್ಷೆ ಒದಗಿತು. ಮಾಡಿನ ಹೆಂಚುಗಳು ಒಡೆದಿದ್ದುವು. ತೊಲೆಗೆ ಗೆದ್ದಲು ಹತ್ತಿತ್ತು. ಆ ದಿನಗಳಲ್ಲಿ ಸುತ್ತಿನ ಊರಿನ ಒಬ್ಬ ಸ್ಥಿತಿವಂತರು ಗರಡಿಗೆ ಬಂದರು. ಇಡೀ ಮಾಡನ್ನು ತಮ್ಮ ಖರ್ಚಿನಲ್ಲಿ ಹೊಸದಾಗಿ ಹೊದಿಸಿಕೊಡುವುದಾಗಿ ಹೇಳಿದರು. ಅದಕ್ಕೆ ಪ್ರತಿಯಾಗಿ ಅವರು ಕೇಳಿದ್ದು ಬಹಳ ಸಣ್ಣ ಉಪಕಾರ. ಒಂದು ಜಮೀನಿನ ತಕರಾರಿನಲ್ಲಿ ಬೇಲಿ ಹಾಕಿಸುವ ದಿನ ಗರಡಿಯ ಹತ್ತು ಹುಡುಗರು ಅಲ್ಲಿಗೆ ಬಂದು ಸುಮ್ಮನೆ ನಿಂತರೆ ಸಾಕು; ಕೈ ಎತ್ತಬೇಕಾಗಿಲ್ಲ. ಎದುರು ಪಕ್ಷದವರು ಒಬ್ಬ ವಿಧವೆ ಮತ್ತು ಅವಳ ಇಬ್ಬರು ಎಳೆಯ ಮಕ್ಕಳು.

ಉಸ್ತಾದರು ಅವರನ್ನು ಕೂರಿಸಿ, ನೀರು ಕೊಟ್ಟು, ಮಾತನ್ನು ಪೂರ್ತಿಯಾಗಿ ಕೇಳಿದರು. ಅನಂತರ ಎದ್ದು ನಿಂತು, "ಸ್ವಾಮಿ, ನನ್ನ ಹತ್ರ ಇರೋರು ಮಕ್ಕಳು, ಆಳುಗಳಲ್ಲ. ಮಣ್ಣಿಗೆ ಕೈಮುಗಿದು ಕಲಿತ ವಿದ್ಯೆಯನ್ನ ಮಣ್ಣಿನ ಜಗಳಕ್ಕೆ ಕೊಡೋಕಾಗಲ್ಲ. ತಾವು ಹೋಗಿ ಬನ್ನಿ" ಎಂದು ಕೈಜೋಡಿಸಿದರು. ಬಂದವರು ಗಿಡ್ಡ ಬಾಗಿಲಲ್ಲಿ ತಲೆ ಬಾಗಿಸಿ ಹೊರಗೆ ಹೋದರು. "ಸುಮ್ಮನೆ ನಿಲ್ಲೋದರಲ್ಲಿ ಏನು ತಪ್ಪಿತ್ತು?" ಎಂದು ನಮ್ಮಲ್ಲಿ ಹಿರಿಯನೊಬ್ಬ ಗೊಣಗಿದ. ಉಸ್ತಾದರು, "ಹತ್ತು ಜನ ಜಟ್ಟಿಗಳು ನಿಂತರೆ ಆ ಹೆಂಗಸು ನಿಲ್ಲೋಕಾಗುತ್ತೇನೋ? ಮುಟ್ಟದೆ ಹೊಡೆಯೋದೂ ಹೊಡೆಯೋದೇ" ಎಂದರು.

ಮಳೆ ಹಿಡಿಯಿತು. ಮಾಡು ಸೋರಿತು. ವರ್ಷಗಳಿಂದ ಹದ ಮಾಡಿದ ಮಣ್ಣು ಕೆಸರಾಗತೊಡಗಿತು. ನಾವು ಹುಡುಗರು ಬುಟ್ಟಿಗಳಲ್ಲಿ ಮಣ್ಣನ್ನು ತುಂಬಿ ಒಣಗಿದ ಜಾಗ ಹುಡುಕುತ್ತ ಹೊರಟೆವು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ನಮ್ಮ ತಂದೆಯವರು ಮಗ್ಗ ನಿಲ್ಲಿಸಿ ಹೊರಗೆ ಬಂದು, "ಇದೇನೋ ಇದು?" ಎಂದು ಕೇಳಿದರು. ನಾನು ನಡೆದುದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ ಒಳಗೆ ಹೋಗಿ, ಮಗ್ಗದ ಮನೆಯ ಮೂಲೆಯಲ್ಲಿದ್ದ ನೂಲಿನ ಮೂಟೆಗಳನ್ನು ತಾವೇ ಎತ್ತಿ ಅಟ್ಟದ ಮೇಲಿಟ್ಟು, "ಇಲ್ಲಿ ಸುರೀರಪ್ಪ" ಎಂದರು. ಆ ಮಳೆಗಾಲವೆಲ್ಲ ಗರಡಿಯ ಮಣ್ಣು ರೇಷ್ಮೆಯ ಪಕ್ಕದಲ್ಲಿ ಬೆಚ್ಚಗೆ ಮಲಗಿತ್ತು. ಮಣ್ಣು ಬೂಸಲು ಹಿಡಿಯದಂತೆ ವಾರಕ್ಕೊಮ್ಮೆ ಅದನ್ನು ತಿರುವಿಹಾಕುವ ಕೆಲಸವನ್ನು ನಮ್ಮ ತಂದೆಯವರೇ ವಹಿಸಿಕೊಂಡರು.

ಸುದ್ದಿ ಬೀದಿಯಲ್ಲಿ ಹರಡಿತು. ಮಗ್ಗಕ್ಕೆ ವಾರಕ್ಕೆ ಎಂಟಾಣೆಯಂತೆ ನೇಕಾರರು ಎತ್ತುವಳಿ ಮಾಡಿದರು. ತೊಲೆಗೆ ಮರ ಕೊಟ್ಟವರೊಬ್ಬರು, ಹೆಂಚು ಸಾಗಿಸಲು ಗಾಡಿ ಕೊಟ್ಟವರೊಬ್ಬರು. ದೀಪಾವಳಿಯ ಹೊತ್ತಿಗೆ ಗರಡಿಗೆ ಹೊಸ ಮಾಡು ಬಂದಿತು. ಒಬ್ಬ ಸ್ಥಿತಿವಂತರಿಂದ ಒಂದೇ ದಿನದಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ನೂರು ಮನೆಗಳು ಐದು ತಿಂಗಳು ತೆಗೆದುಕೊಂಡವು. ಆದರೆ ಅಂದಿನಿಂದ ಆ ಗರಡಿ ಉಸ್ತಾದರದು ಮಾತ್ರವಾಗಿ ಉಳಿಯದೆ ಬೀದಿಯದಾಯಿತು. ಕುಸ್ತಿಯ ಹುಡುಗರು ಪುಂಡರು ಎಂಬ ಮಾತನ್ನು ನಮ್ಮ ತಂದೆಯವರ ಬಾಯಿಂದ ನಾನು ಮತ್ತೆ ಕೇಳಲಿಲ್ಲ.

ಆಮೇಲೆ ಕಾಲ ಬಹಳ ಬದಲಾಯಿತು. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ನಮ್ಮ ತಾಲ್ಲೂಕು ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಸುತ್ತಿನ ನೆಲದ ಬೆಲೆ ಏರಿತು. ಇಂದಿನ ತರುಣರು ಕನ್ನಡಿಗಳಿರುವ ವ್ಯಾಯಾಮಶಾಲೆಗೆ ಹೋಗುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ; ಮೈಗೆ ಸಾಧನೆ ಯಾವ ಕಡೆಯಿಂದ ಬಂದರೂ ಒಳ್ಳೆಯದೇ. ಆದರೆ ಅಲ್ಲಿ ಮನುಷ್ಯ ಕಬ್ಬಿಣದೊಡನೆ ಒಬ್ಬನೇ ಇರುತ್ತಾನೆ. ಗರಡಿಯಲ್ಲಿ ಮತ್ತೊಬ್ಬನ ಉಸಿರು, ಮತ್ತೊಬ್ಬನ ನೋವು ನಮ್ಮ ಕೈಯಳತೆಯಲ್ಲಿಯೇ ಇರುತ್ತವೆ. ಎಷ್ಟು ಒತ್ತಿದರೆ ಹಿಡಿತ, ಎಷ್ಟು ಒತ್ತಿದರೆ ಹಿಂಸೆ ಎಂಬುದನ್ನು ಕಬ್ಬಿಣ ಹೇಳಿಕೊಡಲಾರದು.

ಗರಡಿಯೂ ಬದಲಾಗಬೇಕಾದ ಕಡೆ ಬದಲಾಗಿದೆ. ಅಂತರರಾಷ್ಟ್ರೀಯ ಪಂದ್ಯಗಳು ನಡೆಯುವುದು ಮಣ್ಣಿನಲ್ಲಲ್ಲ, ಮ್ಯಾಟಿನ ಮೇಲೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವರು ಮಣ್ಣಿನಲ್ಲಿ ಪಳಗಿ ಮ್ಯಾಟಿಗೆ ಹೋದವರೇ. ನಮ್ಮ ಕಾಲದಲ್ಲಿ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಆದರೆ ವಿಜಯನಗರದ ಅರಸನ ಬಳಿ ಕುಸ್ತಿಯಾಡುವ ಹೆಂಗಸರಿದ್ದರೆಂದು ಪ್ರವಾಸಿ ನುನಿಜ್ 1535ರ ಸುಮಾರಿನಲ್ಲಿಯೇ ಬರೆದಿದ್ದಾನೆ; 2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕ ಗೆದ್ದರು. ಉಸ್ತಾದರು ಈಗಿಲ್ಲ. ಅವರ ಶಿಷ್ಯರೊಬ್ಬರು ನಡೆಸುವ ಅದೇ ಗರಡಿಯಲ್ಲಿ ಮೂವರು ಹುಡುಗಿಯರು ಸಂಜೆ ಸಾಮು ಮಾಡುತ್ತಾರೆ. ಅವರ ಕೈಗೂ ಮೊದಲು ಗುದ್ದಲಿಯನ್ನೇ ಕೊಟ್ಟರೆಂದು ಕೇಳಿ ನನಗೆ ಸಂತೋಷವಾಯಿತು.

ನಾನು ದೊಡ್ಡ ಪೈಲ್ವಾನನಾಗಲಿಲ್ಲ. ಬಯಲು ಕುಸ್ತಿಯಲ್ಲಿ ಗೆದ್ದದ್ದು ಎರಡು ಬಾರಿ, ಸೋತದ್ದನ್ನು ಎಣಿಸಿಟ್ಟಿಲ್ಲ. ಮುಂದೆ ಮಗ್ಗ ನನ್ನ ಜೀವನವಾಯಿತು. ಆದರೂ ಗರಡಿಯಲ್ಲಿ ಕಳೆದ ಬೆಳಗುಗಳು ವ್ಯರ್ಥವಾದುವೆಂದು ನನಗೆ ಅನಿಸಿಲ್ಲ. ನೂಲಿನ ಬೆಲೆ ಏರಿ ಸೀರೆಯ ಬೆಲೆ ಇಳಿದ ವರ್ಷಗಳು ಬಂದುವು, ಬಿದ್ದೆ, ಎದ್ದೆ. ಕೋಪ ಬಂದಾಗ ಕೈ ಎತ್ತುವ ಶಕ್ತಿಯಿದ್ದೂ ಎತ್ತದೆ ಇರುವುದು ನನಗೆ ಅಭ್ಯಾಸವಾಗಿತ್ತು. ಬಲವಿಲ್ಲದವನ ಶಾಂತಿಗೆ ಹೆಚ್ಚು ಬೆಲೆಯಿಲ್ಲ. ಬಲವಿದ್ದು ಅದನ್ನು ಹಿಡಿದು ನಿಲ್ಲಿಸಬಲ್ಲವನ ಶಾಂತಿಯೇ ಊರನ್ನು ಕಾಯುವಂಥದು. ಮೈಯನ್ನು ಗಟ್ಟಿಮಾಡಿಕೊಳ್ಳಬಯಸುವ ಬಾಲಕ ಬಾಲಕಿಯರು ಈ ಒಂದು ಮಾತನ್ನು ನೆನಪಿನಲ್ಲಿಡುವುದಾದರೆ, ಸೋರುವ ಮಾಡಿನ ಕೆಳಗೆ ನಿಂತು ಹೊಸ ಮಾಡನ್ನು ಬೇಡವೆಂದ ಒಬ್ಬ ಗುರುವಿನ ಶ್ರಮ ಸಾರ್ಥಕವಾದಂತೆ.