ಆಬಿಂಗ್ಡನ್ನಿನ ಕಾರು, ಅಂಗೈಯುದ್ದದ ಕೊಳವೆ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಿಂದ ದಕ್ಷಿಣಕ್ಕೆ ಸುಮಾರು 10 ಕಿ.ಮೀ. ಹೋದರೆ ಥೇಮ್ಸ್ ನದಿಯ ದಂಡೆಯಲ್ಲಿ ಆಬಿಂಗ್ಡನ್ ಎಂಬ ಪಟ್ಟಣ ಸಿಗುತ್ತದೆ. ಪೇಟೆಯ ಚೌಕದಲ್ಲಿ 17ನೇ ಶತಮಾನದ ಕೌಂಟಿ ಹಾಲ್ ಇದೆ. ರಾಜಮನೆತನದ ಸಂಭ್ರಮದ ದಿನಗಳಲ್ಲಿ ಇದರ ಮಾಳಿಗೆ ಏರಿ, ಕೆಳಗೆ ನೆರೆದ ಜನರತ್ತ ಬನ್ನುಗಳನ್ನು ಎಸೆಯುವುದು ಇಲ್ಲಿನ ಪದ್ಧತಿ! ಈಗ ವಸ್ತುಸಂಗ್ರಹಾಲಯವಾಗಿರುವ ಆ ಕಟ್ಟಡದೊಳಗೆ ಒಂದು ಕಾರೂ ನಿಂತಿದೆ. ಹೆಸರು ಎಂಜಿಬಿ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಈ ಗ್ಯಾರೇಜಿನ ವ್ಯವಸ್ಥಾಪಕ ಸೆಸಿಲ್ ಕಿಂಬರ್ ಸಾಧಾರಣ ಕಾರುಗಳನ್ನು ಚುರುಕಾದ ಕ್ರೀಡಾ ಕಾರುಗಳಾಗಿ ಮಾರ್ಪಡಿಸತೊಡಗಿದ. 1929ರಲ್ಲಿ ಕೆಲಸ ಆಬಿಂಗ್ಡನ್ನಿನ ಚರ್ಮದ ಕಾರ್ಖಾನೆಯೊಂದರ ಆವರಣಕ್ಕೆ ಬಂತು. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. 1980ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಪಕ್ಕದಲ್ಲೇ ಎಂಜಿ ಕಾರ್ ಕ್ಲಬ್ಬಿನ ಕಚೇರಿ ಇದೆ. ಅದಿರುವ ಬೀದಿಯ ಹೆಸರು ಸೆಮೆಟರಿ ರೋಡ್, ಅಂದರೆ ಸ್ಮಶಾನ ರಸ್ತೆ. ಕಾರುಗಳು ಮಾತ್ರ ಸತ್ತಿಲ್ಲ. ಸಾವಿರಾರು ಎಂಜಿಬಿಗಳು ಇನ್ನೂ ರಸ್ತೆಯಲ್ಲಿ ಓಡುತ್ತಿವೆ.

ಆದರೆ ಅವುಗಳಿಗೆ ಹೊಸದೊಂದು ಕಾಟ ಶುರುವಾಗಿದೆ. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿಗೆ ಶೇಕಡ 10ರವರೆಗೆ ಎಥೆನಾಲ್ ಬೆರೆಸುತ್ತಾರೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹಳೆಯ ರಬ್ಬರಿನೊಳಗೆ ಅದು ನುಸುಳಿದರೆ ರಬ್ಬರು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ. ಎಂಜಿಬಿಯ ಪೆಟ್ರೋಲ್ ಟ್ಯಾಂಕು ಹಿಂದೆ, ಎಂಜಿನ್ನು ಮುಂದೆ. ನಡುವೆ ಕಾರಿನ ಹೊಟ್ಟೆಯಡಿ ಲೋಹದ ಕೊಳವೆ ಹಾದುಹೋಗುತ್ತದೆ. ಅಲುಗಾಡುವ ಜಾಗಗಳಲ್ಲಿ ಮಾತ್ರ ಅಂಗೈಯುದ್ದದ ರಬ್ಬರ್ ತುಂಡುಗಳು. ಅಷ್ಟು ಚಿಕ್ಕ ತುಂಡಿಗೇಕೆ ಇಷ್ಟು ಚಿಂತೆ? ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳೂ ಹೊಗೆ ಹೊರಹೋಗುವ ಕಾದ ಕೊಳವೆಯೂ ಒಂದೇ ಪಕ್ಕದಲ್ಲಿವೆ. ಸೋರಿದ ಹನಿ ಬೀಳುವುದು ಸುಡುವ ಕಬ್ಬಿಣದ ಹತ್ತಿರವೇ.

ಕೊಳವೆ ಬದಲಿಸುವ ಕೆಲಸ ಕಷ್ಟದ್ದಲ್ಲ, ಎಚ್ಚರದ್ದು. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಕಾರು ಬಯಲಲ್ಲಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಆದ್ದರಿಂದ ಗ್ಯಾರೇಜಿನ ಗುಂಡಿಯೊಳಗೆ ನೀರಿನಂತೆ ತುಂಬಿ ನಿಲ್ಲುತ್ತದೆ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವವದು; ಬೇಸಿಗೆಯ ಮಧ್ಯಾಹ್ನ ಅದು ಸುಮ್ಮನಿದ್ದೀತೇ? ಹಳೆಯ ಕೊಳವೆಯನ್ನು ಬಗ್ಗಿಸಿ ನೋಡಿದರೆ ಬಿರುಕುಗಳು ತಾವಾಗಿಯೇ ಬಾಯಿ ತೆರೆಯುತ್ತವೆ. ಬದಲಿಗೆ ಹಾಕುವುದಕ್ಕೆ ಫ್ಲೋರಿನ್ ಸೇರಿದ ವಿಶೇಷ ರಬ್ಬರಿನ ಒಳಪದರವಿರುವ, ಮೈಮೇಲೆ 'ಆರ್9' ಎಂದು ಅಚ್ಚಾದ ಕೊಳವೆ ಬೇಕು. ಹೊಸದಾಗಿ ಹೊಳೆಯುತ್ತದೆಂದು ಸಿಕ್ಕಿದ್ದನ್ನು ಹಾಕಿದವರು ಮತ್ತೆ ಮತ್ತೆ ಬದಲಿಸುತ್ತಾರೆ. ಬಿಗಿಯುವ ಪಟ್ಟಿಯನ್ನೂ ಹಿತಮಿತವಾಗಿ ಬಿಗಿಯಬೇಕು. ಜೋರಾಗಿ ತಿರುಗಿಸಿದರೆ ಅದೇ ರಬ್ಬರನ್ನು ಕೊಯ್ಯುತ್ತದೆ. ಲೋಹದ ಕೊಳವೆಯನ್ನು ಮರೆಯುವವರೇ ಹೆಚ್ಚು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳಿಗೆ ಎರಚುವ ಉಪ್ಪು ಅದನ್ನು ಹೊರಗಿನಿಂದ ತಿನ್ನುತ್ತಿರುತ್ತದೆ.

ಭಾರತದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡ 20 ಮುಟ್ಟಿತು. ಅದರಲ್ಲಿ ಕಬ್ಬಿನ ಪಾಲೂ ಇದೆ. ಮನೆಯ ಮೂಲೆಯಲ್ಲಿ ಅಜ್ಜನ ಕಾಲದ ಸ್ಕೂಟರ್ ಇದ್ದರೆ ಅದರ ಪೆಟ್ರೋಲ್ ಕೊಳವೆಯನ್ನೂ ಒಮ್ಮೆ ಬಗ್ಗಿಸಿ ನೋಡಬಹುದು. ಹತ್ತಿರ ಬೀಡಿ, ಬೆಂಕಿಕಡ್ಡಿ ಇರಬಾರದಷ್ಟೇ.

ಕೆಲಸ ಮುಗಿದ ಮೇಲೆ ಎಂಜಿಬಿಯೇ ಪರೀಕ್ಷೆಯ ಫಲಿತಾಂಶ ಹೇಳುತ್ತದೆ. ಬೀಗದ ಕೈ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಕಿವಿಗೊಡಬೇಕು. ಹಿಂಭಾಗದ ವಿದ್ಯುತ್ ಪಂಪು ಟಿಕ್ ಟಿಕ್ ಎಂದು ವೇಗವಾಗಿ ಬಡಿಯುತ್ತದೆ. ಕಾರ್ಬ್ಯುರೇಟರಿನ ತೊಟ್ಟಿಗಳು ತುಂಬಿದೊಡನೆ ಸುಮ್ಮನಾಗುತ್ತದೆ. ಸುಮ್ಮನಾಗದಿದ್ದರೆ ಎಲ್ಲೋ ಪೆಟ್ರೋಲ್ ಸೋರುತ್ತಿರಬಹುದು, ಇಲ್ಲವೇ ಟ್ಯಾಂಕಿಗೂ ಪಂಪಿಗೂ ನಡುವೆ ಗಾಳಿ ನುಗ್ಗುತ್ತಿರಬಹುದು. ಆ ಭಾಗದಲ್ಲಿ ಪಂಪು ಹೀರುತ್ತಿರುವುದರಿಂದ ತೂತಿದ್ದರೂ ಹನಿ ಕಾಣದೆ ಹೋಗಬಹುದು. ಆಗ ಮತ್ತೆ ಬ್ಯಾಟರಿಯ ತಂತಿ ಕಳಚಿ, ಕಾರಿನಡಿ ಮಲಗಿ, ಮೊದಲನೆಯ ಪಟ್ಟಿಯಿಂದ ಆರಂಭಿಸಬೇಕು.