ವುಝೂ ಮುಗಿಯದ ದಿನಗಳು

ಸಹೋದರಿ, ನಿಮ್ಮ ವುಝೂ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ? ನನಗೆ ಒಮ್ಮೊಮ್ಮೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಆಳಂದದ ತವರುಮನೆ, ಅಫಜಲಪುರದ ಗಂಡನ ಮನೆ, ಜೇವರ್ಗಿಯಲ್ಲಿ ನಾನು ಕಲಿಸುವ ಶಾಲೆ, ಎಲ್ಲಿದ್ದರೂ ಮೊಣಕೈ ನೆನೆದಿಲ್ಲವೇನೋ ಎಂಬ ಸಂಶಯ. ಕೊಡ ಬರಿದಾದರೂ ಅದು ತೀರದು. ಒಂದು ದಿನ ಚಿಕ್ಕ ಮಗಳು “ಅಮ್ಮೀ, ನಿನ್ನ ಕೈಯಲ್ಲಿ ರಕ್ತ” ಎಂದಾಗಲೇ ನನಗೆ ಎಚ್ಚರವಾಯಿತು.

ಮದ್ರಸದಲ್ಲಿ ಕಲಿತು ಬಿ.ಎ. ಮಾಡಿದ ನನಗೆ ‘ವಸ್ವಾಸ್’ ಹೊಸ ಪದವಲ್ಲ. ದುಆ ಹೆಚ್ಚಿಸಿದೆ. ಜೇನು, ಕಲೋಂಜಿ ಸೇವಿಸಿದೆ. ಮನಸ್ಸಿಗೆ ಸಮಾಧಾನವೇನೋ ಆಯಿತು, ತೊಳೆಯುವುದು ನಿಲ್ಲಲಿಲ್ಲ. ಕೊನೆಗೆ ಕಲಬುರಗಿಯ ಮನೋವೈದ್ಯರಲ್ಲಿ ಹೋದೆ. ಇದು ಒಸಿಡಿ, ಅಂದರೆ ಗೀಳು ರೋಗ ಎಂದರು. ಮಾತ್ರೆಯ ಪರಿಣಾಮ ಕಾಣಲು 8ರಿಂದ 12 ವಾರ ಬೇಕು, ನೀವಾಗಿಯೇ ನಿಲ್ಲಿಸಬೇಡಿ ಎಂದು ಎಚ್ಚರಿಸಿದರು. ಸಂಶಯವಿದ್ದಂತೆಯೇ ನಮಾಝಿಗೆ ನಿಲ್ಲುವುದನ್ನೂ ಅಭ್ಯಾಸ ಮಾಡಿಸಿದರು. ಫಜ್ರ್ ನಂತರದ ಅರ್ಧ ಗಂಟೆಯ ನಡಿಗೆ ರಾತ್ರಿಯ ನಿದ್ದೆಯನ್ನು ಮರಳಿಸಿತು.

“ಈಮಾನ್ ಇದ್ದವರಿಗೆ ಮಾತ್ರೆ ಯಾಕೆ?” ಎಂದು ಕೇಳಿದವರಿದ್ದರು. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ಅವರೇ ವಸ್ವಾಸನ್ನು ಮನಸ್ಸಿನ ಕಾಯಿಲೆಗಳಲ್ಲಿ ಸೇರಿಸಿ ಚಿಕಿತ್ಸೆ ಬರೆದಿದ್ದರು. ಪ್ರವಾದಿಯವರಿಗೆ(ಸ) ವುಝೂ ಮಾಡಲು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರು ಸಾಕಾಗುತ್ತಿತ್ತು. ನಾನೂ ಈಗ ಒಂದೇ ಚರಿಗೆ ತುಂಬಿಕೊಂಡು ನಲ್ಲಿ ಮುಚ್ಚುತ್ತೇನೆ.

ತೊಳೆದು ತೊಳೆದು ಕೈ ಬಿರಿದ ತಂಗಿ ನಿಮ್ಮ ಮನೆಯಲ್ಲಿದ್ದರೆ ಗದರಬೇಡಿ. ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ವೈದ್ಯರಲ್ಲಿಗೆ ಜೊತೆಯಾಗಿ ಹೋಗಿ. ಸಂಶಯ ನನಗೆ ಇಂದೂ ಬರುತ್ತದೆ. ಅಲ್ಹಮ್ದುಲಿಲ್ಲಾಹ್, ಮತ್ತೆ ನಲ್ಲಿ ತಿರುಗಿಸುವುದಿಲ್ಲ.