ಅಂಗಳದ ಕೆಂಡ, ಒಂದೇ ಬಾಣಲೆ

ಹಾಸನದ ಕಡೆ ಆಲೂಗಡ್ಡೆ ಕಿತ್ತಾಗ ದಪ್ಪದ್ದು ಮಂಡಿಗೆ ಹೋಗುತ್ತದೆ, ನಿಂಬೆಹಣ್ಣಿನಷ್ಟಿರುವುದು ಮನೆಗೆ ಉಳಿಯುತ್ತದೆ. ಕೆಂಡದ ಅಡುಗೆಗೆ ಆ ಸಣ್ಣ ಗಡ್ಡೆಯೇ ಸರಿ. ಸಿಪ್ಪೆ ಸಮೇತ ಎರಡು ಹೋಳು ಮಾಡುತ್ತೇವೆ. ಹಸಿರಾಗಿದ್ದನ್ನು ಮಾತ್ರ ಬಿಸಾಡುತ್ತೇವೆ, ಅದರಲ್ಲಿ ವಿಷದ ಅಂಶ ಇರುತ್ತದೆ.

ಅಂಗಳದಲ್ಲಿ ಮೂರು ಕಲ್ಲು, ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಅಗಲದ ಬಾಣಲೆ. ಉರಿ ಆರಿ ಕೆಂಡ ಬೂದಿ ಹೊದ್ದ ಮೇಲೆ ಇಡಬೇಕು. ನಾಟಿ ಕೋಳಿಯಾದರೆ ಚೂರು ನೀರು ಹಾಕಿ, ಮುಚ್ಚಿ ಬೇಯಿಸಿ, ಮುಕ್ಕಾಲು ಬೆಂದ ಮೇಲೆ ಗಡ್ಡೆ. ಫಾರಂ ಕೋಳಿಯಾದರೆ ಗಡ್ಡೆಯೇ ಮೊದಲು. ಎಣ್ಣೆ, ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನ, ಉಪ್ಪು ಸಾಕು. ತೊಡೆಗೆ ಚುಚ್ಚಿದರೆ ಕೆಂಪು ನೀರು ಬರಬಾರದು.

ರುಚಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಒಳಗೆ ಅಡುಗೆಯಾದರೆ ಅಮ್ಮಂದಿರು ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾರೆ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಉಳಿದಿರುವುದು ಕತ್ತಿನ ತುಂಡು, ತಣ್ಣಗಾದ ಸಾರು. ಅಂಗಳದಲ್ಲಿ ಬಾಣಲೆ ನಡುವೆ, ಎಲ್ಲರೂ ಸುತ್ತ. ಕೆಂಡ ನೋಡುವುದು ಮನೆಯ ಹುಡುಗರಾದ ನಮ್ಮ ಕೆಲಸ. ತೊಳೆಯಲು ಇರುವುದು ಒಂದೇ ಬಾಣಲೆ, ಅದೂ ನಮ್ಮದೇ.

ಅಮ್ಮ ಈಗ ಕಾಲಿನ ತುಂಡು ಕೇಳಿ ಹಾಕಿಸಿಕೊಳ್ಳುತ್ತಾರೆ. ಕೋಳಿಯಲ್ಲಿ ಅವರಿಗೆ ಯಾವ ತುಂಡು ಇಷ್ಟ ಅಂತ ನಮಗೆ ಗೊತ್ತಾಗಿದ್ದೇ ಇಲ್ಲಿ. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.